ಉಪೋಸಥದ ದಿನ ಏನು ಉಣ್ಣಬೇಕು, ಎಷ್ಟು ಹೊತ್ತಿನವರೆಗೆ?

ಕಳೆದ ಸಂಚಿಕೆಯಲ್ಲಿ ಗೃಹಸ್ಥ ಬೌದ್ಧರ ಉಪೋಸಥ ವ್ರತದ ಬಗ್ಗೆ ಚಿಕ್ಕ ಟಿಪ್ಪಣಿಯೊಂದು ಬಂದಿತ್ತು. ತಿಂಗಳಲ್ಲಿ ನಾಲ್ಕು ದಿನ ಅಷ್ಟಶೀಲ, ಅಂದರೆ ಎಂಟು ನಿಯಮ, ಹಿಡಿದು, ಮಧ್ಯಾಹ್ನ ದಾಟಿದ ಮೇಲೆ ಊಟ ಬಿಡುವ ಪದ್ಧತಿ ಅದು. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದವೇ. ಅಶೋಕನ ಕಾಲದಲ್ಲಿ ರಕ್ಖಿತ ಥೇರನನ್ನು (ಹಿರಿಯ ಭಿಕ್ಷುವನ್ನು) ವನವಾಸಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ ಧರ್ಮ ಹೇಳಲು ಕಳಿಸಿದ್ದನ್ನು ಶ್ರೀಲಂಕೆಯ ಪಾಳಿ ಇತಿಹಾಸಗ್ರಂಥ ಮಹಾವಂಸ ದಾಖಲಿಸಿದೆ. ಇಂದು ಮುಂಡಗೋಡಿನಲ್ಲಿ ಗಾಂದೆನ್, ಡ್ರೆಪುಂಗ್ ಎಂಬ ಟಿಬೆಟಿಯನ್ ಬೌದ್ಧ ಮಠಗಳಿವೆ. ಹಾಗಾಗಿ ಈ ಜಿಲ್ಲೆಗೆ ಇದು ಹೊಸ ವಿಷಯವಲ್ಲ. ಆದರೂ ಅಡುಗೆಮನೆಯ ಮಟ್ಟದಲ್ಲಿ ಖಚಿತವಾಗಿ ಹೇಳುವವರು ಸಿಗುವುದಿಲ್ಲ ಎಂಬುದು ಓದುಗರ ದೂರು. ಒಂದೊಂದಾಗಿ ನೋಡೋಣ.

ನಮ್ಮಲ್ಲಿ ಏಕಾದಶಿಗೆ ಅನ್ನ ಬಿಟ್ಟು ಅವಲಕ್ಕಿ, ಸಾಬಕ್ಕಿ ತಿನ್ನುತ್ತೇವೆ. ಉಪೋಸಥಕ್ಕೂ ಹಾಗೇ ಮಾಡಿದರೆ ಆಯಿತೇ? ಅಥವಾ ಪೂರ್ತಿ ನಿರಾಹಾರ ಇರಬೇಕೇ? (ಶಿರಸಿಯ ಗೃಹಿಣಿಯೊಬ್ಬರು)

ಎರಡೂ ಅಲ್ಲ. ಏಕಾದಶಿಯಲ್ಲಿ ಯಾವ ಪದಾರ್ಥ ಎಂಬುದು ಮುಖ್ಯ, ಉಪೋಸಥದಲ್ಲಿ ಯಾವ ಹೊತ್ತು ಎಂಬುದು ಮುಖ್ಯ. ಅರುಣೋದಯದಿಂದ ನಡು ಮಧ್ಯಾಹ್ನದವರೆಗೆ ಅನ್ನ, ಸಾರು, ಪಲ್ಯ, ದೋಸೆ ಏನು ಬೇಕಾದರೂ ಉಣ್ಣಿ. ಒಂದು ಸಲವೇ ಉಣ್ಣಬೇಕೆಂದಿಲ್ಲ. ಬೆಳಿಗ್ಗೆ ತಿಂಡಿ, ಹನ್ನೊಂದೂವರೆಗೆ ಊಟ ನಡೆಯುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಮರುದಿನದ ಅರುಣೋದಯದವರೆಗೆ ಒಂದು ಹಿಡಿ ಅವಲಕ್ಕಿಯೂ ಇಲ್ಲ. ನಿರಾಹಾರದ ಮಾತೇ ಇಲ್ಲ. ದೇಹ ಸೊರಗಿಸುವ ತಪಸ್ಸನ್ನು ಬುದ್ಧ ತಾನೇ ಮಾಡಿ ನೋಡಿ ಬಿಟ್ಟವನು.

ಊಟದ ನಿಯಮ ಎಂಟರಲ್ಲಿ ಒಂದು ಮಾತ್ರ. ಕೊಲ್ಲದಿರುವುದು, ಕೊಡದ್ದನ್ನು ತೆಗೆದುಕೊಳ್ಳದಿರುವುದು, ಆ ದಿನದ ಮಟ್ಟಿಗೆ ಬ್ರಹ್ಮಚರ್ಯ, ಸುಳ್ಳಾಡದಿರುವುದು, ಮದ್ಯ ಮುಟ್ಟದಿರುವುದು. ಆರನೆಯದು ಅಕಾಲದ ಊಟ ಬಿಡುವುದು. ಏಳನೆಯದು ಹಾಡು, ಕುಣಿತ, ಆಟ ನೋಡುವುದನ್ನೂ ಹೂವು, ಗಂಧ, ಅಲಂಕಾರವನ್ನೂ ಬಿಡುವುದು. ಎಂಟನೆಯದು ಎತ್ತರದ, ಐಷಾರಾಮದ ಹಾಸಿಗೆ ಬಿಡುವುದು. ಬೆಳಿಗ್ಗೆ ಮುಖ ತೊಳೆದು ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು) ಹೇಳಿ ಎಂಟನ್ನೂ ಒಂದೊಂದಾಗಿ ಹೇಳಿಕೊಳ್ಳಬೇಕು. ಆರನೆಯದರ ಪಾಳಿ ಪಾಠ: ‘ವಿಕಾಲಭೋಜನಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’. ಭಿಕ್ಷುಗಳು ಹತ್ತಿರದಲ್ಲಿದ್ದರೆ ಅವರ ಬಾಯಿಂದ ಪಡೆಯುವುದು ರೂಢಿ. ಇಲ್ಲದಿದ್ದರೆ ನಿಮ್ಮಷ್ಟಕ್ಕೆ ನೀವೇ ಹೇಳಿಕೊಂಡರೂ ವ್ರತ ಪೂರ್ಣವೇ. ದಿನಗಳು ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ. ಶ್ರೀಲಂಕಾ ಅಥವಾ ಥಾಯ್ ಕ್ಯಾಲೆಂಡರ್‌ಗೂ ನಮ್ಮ ಪಂಚಾಂಗಕ್ಕೂ ಕೆಲವೊಮ್ಮೆ ಒಂದು ದಿನ ವ್ಯತ್ಯಾಸ ಬರುತ್ತದೆ. ಯಾವುದಾದರೂ ಒಂದನ್ನು ಹಿಡಿದು ಅದರಂತೆಯೇ ನಡೆಯಿರಿ.

ಮಧ್ಯಾಹ್ನ ಅಂದರೆ ಗಡಿಯಾರದ 12 ಗಂಟೆಯೇ? ಕಾರವಾರದಲ್ಲಿ ನೆತ್ತಿಗೆ ಸೂರ್ಯ ಬರುವುದು ಅದಕ್ಕಿಂತ ತಡವಾಗಿ. (ಕಾರವಾರದ ನಿವೃತ್ತ ಶಿಕ್ಷಕರು)

ನಿಮ್ಮ ಗಮನಿಕೆ ಸರಿ. ನಿಯಮ ಹೇಳುವುದು ಸೂರ್ಯ ನೆತ್ತಿ ದಾಟುವ ಕ್ಷಣವನ್ನು. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಕಾರವಾರ ಇರುವುದು ಸುಮಾರು 74.1 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅಂತರ 33 ನಿಮಿಷದ ಆಸುಪಾಸು. ಮೇಲಾಗಿ ಇದು ವರ್ಷವಿಡೀ ಒಂದೇ ಇರುವುದಿಲ್ಲ. ಕಾರವಾರದಲ್ಲಿ ಫೆಬ್ರವರಿ ನಡುವಿಗೆ ಸೂರ್ಯ ನೆತ್ತಿಗೆ ಬರುವುದು ಸುಮಾರು 12.47ಕ್ಕೆ, ಮೇ ನಡುವಿಗೆ 12.30ಕ್ಕೆ, ಜುಲೈ ಕೊನೆಗೆ 12.40ಕ್ಕೆ, ನವೆಂಬರ್ ಮೊದಲ ವಾರ 12.17ಕ್ಕೆ. ಶಿರಸಿ, ಮುಂಡಗೋಡಿನಲ್ಲಿ ಇದಕ್ಕಿಂತ ಮೂರ್ನಾಲ್ಕು ನಿಮಿಷ ಮೊದಲು.

ಮನೆಯಲ್ಲೇ ಲೆಕ್ಕ ಹಾಕಲು ಆ ದಿನದ ಸೂರ್ಯೋದಯ, ಸೂರ್ಯಾಸ್ತಗಳ ನಟ್ಟನಡುವಿನ ಹೊತ್ತು ತೆಗೆಯಿರಿ. 6.40ಕ್ಕೆ ಹುಟ್ಟಿ ಸಂಜೆ 6.20ಕ್ಕೆ ಮುಳುಗಿದರೆ ಹಗಲು 11 ಗಂಟೆ 40 ನಿಮಿಷ, ಅರ್ಧ 5 ಗಂಟೆ 50 ನಿಮಿಷ, ಮಧ್ಯಾಹ್ನ 12.30. ಆ ಹೊತ್ತಿಗೆ ಕೊನೆಯ ತುತ್ತು ಗಂಟಲಿಳಿದಿರಬೇಕು, ಎಲೆಯ ಮುಂದೆ ಕೂತಿದ್ದರೆ ಸಾಲದು. ಕೈ ಬಾಯಿ ತೊಳೆಯುವುದೂ ಅಷ್ಟರೊಳಗೆ ಮುಗಿಯಲಿ, ಹಲ್ಲಿನ ಸಂದಿಯಲ್ಲಿ ಉಳಿದದ್ದು ಆಮೇಲೆ ಹೊಟ್ಟೆಗೆ ಹೋಗಬಾರದು. ಲೆಕ್ಕ ಬೇಡವೆನ್ನುವವರು 12 ಗಂಟೆಗೇ ನಿಲ್ಲಿಸಲಿ, ನಮ್ಮ ಜಿಲ್ಲೆಯಲ್ಲಿ ಅದರಿಂದ ಎಂದೂ ತಪ್ಪಾಗದು. ಬೆಳಗಿನ ಗಡಿ ಅರುಣೋದಯ. ದೀಪವಿಲ್ಲದೆ ಅಂಗೈ ಗೆರೆ ಕಾಣುವಷ್ಟು ಬೆಳಕಾದರೆ ಸಾಕು ಎಂಬುದು ಹಳೆಯ ಅಂದಾಜು. ಮಳೆಗಾಲದ ಮೋಡದಲ್ಲಿ ಇದು ಕೈಕೊಡುತ್ತದೆ, ಆಗ ಸೂರ್ಯೋದಯದ ಹೊತ್ತು ನೋಡಿಯೇ ತಿಂಡಿಗೆ ಕೂರಿ.

ಮಧ್ಯಾಹ್ನದ ಮೇಲೆ ಏನು ಕುಡಿಯಬಹುದು? ಎಳನೀರು, ಮಜ್ಜಿಗೆ, ಮುರುಗಲು ಪಾನಕ, ಕಬ್ಬಿನ ಹಾಲು, ಕಷಾಯ, ಚಹಾ: ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಕುಮಟಾ, ಹೊನ್ನಾವರ, ಸಿದ್ದಾಪುರದಿಂದ ಹಲವರು)

ಅತಿ ಹೆಚ್ಚು ಪತ್ರ ಬಂದದ್ದು ಇದಕ್ಕೇ, ಎಡವುವುದೂ ಇಲ್ಲೇ. ನಾವು ಹೇಳುತ್ತಿರುವುದು ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಥೇರವಾದ ಪಂಥದ ವಿನಯಪಿಟಕ (ಭಿಕ್ಷುಗಳ ನಿಯಮಗ್ರಂಥ) ಮತ್ತು ಅದರ ಅಟ್ಠಕಥೆಯ (ವ್ಯಾಖ್ಯಾನದ) ಪ್ರಕಾರ. ಈ ವಿಂಗಡಣೆ ಮೂಲದಲ್ಲಿ ಭಿಕ್ಷುಗಳಿಗೆ ಹೇಳಿದ್ದು. ಅಷ್ಟಶೀಲ ಹಿಡಿದ ಗೃಹಸ್ಥ ಉಪಾಸಕರೂ ಅದನ್ನೇ ಅನುಸರಿಸುತ್ತಾರೆ.

ನೀರಿಗೆ ಯಾವ ಮಿತಿಯೂ ಇಲ್ಲ. ಉಪ್ಪು, ಶುಂಠಿ, ಅರಿಸಿನ, ಕಾಳುಮೆಣಸು, ಹಿಪ್ಪಲಿ, ನೆಲ್ಲಿಕಾಯಿ, ಅಳಲೆಕಾಯಿ ಔಷಧದ ಸಾಲಿನಲ್ಲಿವೆ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಐದೂ ಇನ್ನೊಂದು ಗುಂಪು, ಅವನ್ನೂ ಮಧ್ಯಾಹ್ನದ ಮೇಲೆ ಔಷಧವಾಗಿ ಬಳಸಬಹುದು. ಬೆಲ್ಲದ ವಿಷಯದಲ್ಲಿ ಮಾತು ಇನ್ನೂ ಸ್ಪಷ್ಟ: ಕಾಯಿಲೆಯವರಿಗೆ ಬೆಲ್ಲ, ಕಾಯಿಲೆ ಇಲ್ಲದವರಿಗೆ ಬೆಲ್ಲದ ನೀರು. ಬಂದವರಿಗೆ ಬೆಲ್ಲ, ನೀರು ಕೊಡುವ ಊರಿನವರಾದ ನಮಗೆ ಇದು ಸುಲಭ. ಒಂದು ತಂಬಿಗೆ ನೀರಿಗೆ ಎರಡು ಚಮಚ ಜೋನಿ ಬೆಲ್ಲ ಕದಡಿ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ ಹಾಕಿಕೊಂಡರೆ ಸಂಜೆಯ ತಲೆಸುತ್ತು ಅರ್ಧ ಕಡಿಮೆ. ಬೆಲ್ಲ ಗಟ್ಟಿಯಾಗಲು ಹಿಟ್ಟು ಹಾಕಿರುತ್ತಾರಲ್ಲ ಎಂಬ ಅನುಮಾನ ಆ ಕಾಲದಲ್ಲೇ ರೇವತ ಎಂಬ ಭಿಕ್ಷುವಿಗೆ ಬಂದಿತ್ತು. ಕಟ್ಟಲು ಹಾಕಿದ್ದಾದರೆ ಅದು ಬೆಲ್ಲವೇ, ತೆಗೆದುಕೊಳ್ಳಬಹುದು ಎಂದು ಬುದ್ಧ ಹೇಳಿದ.

ಹಣ್ಣಿನ ಪಾನಕಕ್ಕೆ ಎಂಟು ಹೆಸರು ಕೊಡಲಾಗಿದೆ: ಮಾವು, ನೇರಳೆ, ಬಾಳೆಯ ಎರಡು ಬಗೆ, ಹಿಪ್ಪೆ, ದ್ರಾಕ್ಷಿ, ನೈದಿಲೆ ಗಡ್ಡೆ, ಫಾಲ್ಸಾ. ಆಮೇಲೆ ಧಾನ್ಯದ ರಸ ಬಿಟ್ಟು ಉಳಿದ ಹಣ್ಣಿನ ರಸಗಳಿಗೂ, ಕಬ್ಬಿನ ಹಾಲಿಗೂ ಅನುಮತಿ ಸಿಕ್ಕಿತು. ಷರತ್ತು ಎರಡು. ತಿರುಳು ಉಳಿಯದಂತೆ ಬಟ್ಟೆಯಲ್ಲಿ ಸೋಸಿರಬೇಕು, ಬೆಂಕಿಯ ಮೇಲೆ ಕುದಿಸಿರಬಾರದು. ಬಿಸಿಲಿನ ಕಾವು ಅಡ್ಡಿಯಿಲ್ಲ. ನಮ್ಮ ಮುರುಗಲು ಇದಕ್ಕೆ ಹೇಳಿ ಮಾಡಿಸಿದ್ದು. ಹಣ್ಣಿನ ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು ತೂಕದಲ್ಲಿ ಪದರ ಪದರವಾಗಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ವಾರದ ಮೇಲೆ ಬಿಸಿಲಿಗಿಟ್ಟರೆ ರಸ ಬಿಡುತ್ತದೆ. ಸೋಸಿ ಇಟ್ಟುಕೊಂಡು, ಲೋಟಕ್ಕೆ ಮೂರ್ನಾಲ್ಕು ಚಮಚ. ಅಂಗಡಿಯ ಸಿರಪ್ಪಾದರೆ ಕುದಿಸಿದ್ದೋ ಎಂದು ಕೇಳಿ ತೆಗೆದುಕೊಳ್ಳಿ. ಅದೇ ಮುರುಗಲಿಗೆ ಕಾಯಿಹಾಲು ಸೇರಿಸಿ ಕಾರವಾರದ ಕಡೆ ಮಾಡುವ ಸೋಲ್ ಕಡಿ ಮಾತ್ರ ಊಟದ ಪದಾರ್ಥ. ಮಾವಿನಕಾಯಿ ಬೇಯಿಸಿ ಒಗ್ಗರಣೆ ಕೊಡುವ ಅಪ್ಪೆಹುಳಿಯೂ ಅಷ್ಟೇ. ಎರಡನ್ನೂ ಮಧ್ಯಾಹ್ನದ ಊಟಕ್ಕೇ ಮುಗಿಸಿ.

ಈಗ ಕರಾವಳಿಯವರಿಗೆ ಬೇಸರವಾಗುವ ಮಾತು: ಎಳನೀರು ಇಲ್ಲ. ತಾಳೆ, ತೆಂಗು, ಹಲಸು, ವಾಟೆಹುಳಿ ಜಾತಿಯ ಕಾಡುಹಲಸು, ಸೋರೆ, ಕುಂಬಳ ಮತ್ತು ಸೌತೆಯ ಜಾತಿಯ ಕಾಯಿಗಳು ಸೇರಿ ಒಂಬತ್ತನ್ನು ‘ಮಹಾಫಲ’ ಎಂದು ಅಟ್ಠಕಥೆ ಧಾನ್ಯದ ಸಾಲಿಗೆ ಸೇರಿಸಿದೆ. ಅವುಗಳ ರಸವೂ ಊಟವೇ. ಅನಾನಸು, ಪಪಾಯಿ ಅಮೆರಿಕ ಖಂಡದಿಂದ ಬಂದ ಹಣ್ಣುಗಳಾದ್ದರಿಂದ ಹಳೆಯ ಪಟ್ಟಿಯಲ್ಲಿಲ್ಲ. ಮುಷ್ಟಿಗಿಂತ ದೊಡ್ಡ ಹಣ್ಣು ಬೇಡ ಎಂಬ ಇಂದಿನ ರೂಢಿಯಂತೆ ಬನವಾಸಿಯ ಅನಾನಸಿನ ರಸವನ್ನೂ ಬಿಡಬೇಕಾಗುತ್ತದೆ.

ಹಾಲು, ಮೊಸರು, ಮಜ್ಜಿಗೆ ಊಟದ ಗುಂಪಿನವು, ಹಾಗಾಗಿ ತಂಬುಳಿಯೂ ಇಲ್ಲ. ಗಂಜಿ ತಿಳಿ, ಅಂಬಲಿ ಧಾನ್ಯದವು, ಎಷ್ಟು ನೀರಾಗಿದ್ದರೂ ಆಗದು. ಶುಂಠಿ, ಕಾಳುಮೆಣಸಿನ ಕಷಾಯವನ್ನು ಹಾಲು ಹಾಕದೆ ಬೆಲ್ಲದಲ್ಲಿ ಮಾಡಿ ಕುಡಿಯಬಹುದು. ಹಾಲಿಲ್ಲದ ಚಹಾ, ಕಾಫಿಗೆ ಹೆಚ್ಚಿನ ಕಡೆ ಅಡ್ಡಿ ಹೇಳುವುದಿಲ್ಲ. ಆಲೆಮನೆ ದಿನಗಳಲ್ಲಿ ಸೋಸಿದ ಕಬ್ಬಿನ ಹಾಲು ಸಂಜೆಗೂ ಸರಿ, ಜೊತೆಗೆ ಕೊಡುವ ಮಂಡಕ್ಕಿಯೂ ತೊಡದೇವೂ ಸರಿಯಲ್ಲ. ವಿಪಶ್ಯನ ಶಿಬಿರಕ್ಕೆ ಹೋಗಿಬಂದವರು ‘ಸಂಜೆ ಐದಕ್ಕೆ ಹಣ್ಣು ಕೊಡುತ್ತಾರಲ್ಲ’ ಎಂದು ಕೇಳಿದ್ದಾರೆ. ಅದು ಹೊಸಬರಿಗೆ ಕೊಟ್ಟ ರಿಯಾಯಿತಿ. ಎಂಟು ಶೀಲ ಹಿಡಿದ ಹಳಬರಿಗೆ ಅಲ್ಲೂ ಲಿಂಬೆ ನೀರೇ.

ಒಂದು ಎಚ್ಚರಿಕೆ. ಅನುಮತಿ ಇದೆಯೆಂದು ಸಂಜೆಯುದ್ದಕ್ಕೂ ತುಪ್ಪ, ಬೆಲ್ಲ, ಪಾನಕಗಳಲ್ಲೇ ಹೊಟ್ಟೆ ತುಂಬಿಸಿದರೆ ನಿಯಮ ಉಳಿದೀತು, ವ್ರತ ಉಳಿಯದು. ದಿನಕ್ಕೆ ಎರಡು ಲೋಟ ಸಿಹಿ ಪಾನಕ ಸಾಕು ಎಂಬುದು ನಮ್ಮ ಅಭಿಪ್ರಾಯ.

ರಾತ್ರಿ ಮನೆಮಂದಿಗೆ ನಾನೇ ಅಡುಗೆ ಮಾಡಬೇಕು. ಉಪ್ಪು ಹುಳಿ ನೋಡಿದರೆ ಶೀಲ ಮುರಿಯುತ್ತದೆಯೇ? (ಕಾರವಾರ)

ಅಡುಗೆ ಮಾಡಬಹುದು, ಬಡಿಸಬಹುದು. ಹೊತ್ತು ಮೀರಿರುವುದು, ಅದು ಆಹಾರವಾಗಿರುವುದು, ಗಂಟಲಿಗೆ ಇಳಿಯುವುದು, ಇಷ್ಟೂ ಸೇರಿದರೆ ಆರನೆಯ ಶೀಲ ಮುರಿಯುತ್ತದೆ. ನಾಲಿಗೆಗೆ ಹಚ್ಚಿ ಉಗುಳಿದರೆ ಮುರಿಯದು. ಆದರೆ ಹಸಿದ ಹೊತ್ತಿನಲ್ಲಿ ಅದು ಜಾರುವ ದಾರಿ. ಅತ್ತೆಯವರಿಗೋ ಮಕ್ಕಳಿಗೋ ಕೊಟ್ಟು ರುಚಿ ಕೇಳಿ. ಇನ್ನೂ ಒಳ್ಳೆಯದು, ಬೆಳಿಗ್ಗೆಯೇ ಹುಳಿ, ಪಲ್ಯ ಮಾಡಿಟ್ಟು ರಾತ್ರಿಗೆ ಅನ್ನ ಮಾತ್ರ ಇಡುವುದು.

ನಾವು ಮೀನು ತಿನ್ನುವವರು. ಉಪೋಸಥಕ್ಕೆ ಮೀನು ಬಿಡಲೇಬೇಕೇ? ಏಡಿ, ಬಳಚು ಮನೆಗೆ ಜೀವಂತವೇ ಬರುತ್ತವೆ. (ಅಂಕೋಲಾ)

ಪಾಳಿ ಗ್ರಂಥಗಳಲ್ಲಿ ಮಾಂಸಾಹಾರಕ್ಕೆ ಸಾರಾಸಗಟು ನಿಷೇಧವಿಲ್ಲ. ಜೀವಕ ಸುತ್ತ ಎಂಬ ಉಪದೇಶದಲ್ಲಿ ಬುದ್ಧ ಹೇಳುವ ಅಳತೆ ಮೂರು: ತನಗಾಗಿ ಕೊಂದದ್ದೆಂದು ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು. ಇದು ಭಿಕ್ಷೆ ಸ್ವೀಕರಿಸುವವರಿಗೆ ಹೇಳಿದ್ದು. ಅಡುಗೆ ಮಾಡುವ ಗೃಹಸ್ಥರಿಗೆ ಮೊದಲು ಎದುರಾಗುವುದು ಒಂದನೆಯ ಶೀಲ, ಕೊಲ್ಲದಿರುವುದು. ಪೇಟೆಯಲ್ಲಿ ಸತ್ತು ಮಂಜುಗಡ್ಡೆಯ ಮೇಲಿರುವ ಬಂಗಡೆಯನ್ನು ಕೊಂಡರೆ ಆ ಶೀಲ ನೇರವಾಗಿ ಮುರಿಯುವುದಿಲ್ಲ. ಕಾಲಾಡಿಸುತ್ತಿರುವ ಏಡಿಯನ್ನು ಬಿಸಿನೀರಿಗೆ ಹಾಕಿದರೆ, ಜೀವಂತ ಬಳಚು, ಚಿಪ್ಪೆಕಲ್ಲನ್ನು ಬೇಯಿಸಿ ಬಾಯಿ ತೆರೆಸಿದರೆ ಮುರಿಯುತ್ತದೆ, ಕೊಂದವರು ನೀವೇ. ‘ಈ ಕೊಳಗದಲ್ಲಿ ಹಾರಾಡುತ್ತಿರುವುದನ್ನೇ ಕೊಯ್ದು ಕೊಡು’ ಎಂದು ತೋರಿಸಿ ಕೊಂಡರೂ ಕೊಲ್ಲಿಸಿದಂತೆಯೇ. ಇದು ಉಪೋಸಥಕ್ಕಷ್ಟೇ ಅಲ್ಲ, ಪಂಚಶೀಲ, ಅಂದರೆ ಗೃಹಸ್ಥರ ಐದು ನಿಯಮ, ಹಿಡಿದವರಿಗೆ ದಿನನಿತ್ಯದ ಮಾತು. ಉಪೋಸಥದ ನಾಲ್ಕು ದಿನ ಮೀನು ಪೂರ್ತಿ ಬಿಡಿ ಎಂಬುದೇ ನಮ್ಮ ಸಲಹೆ. ಮುಟ್ಟುವ ಮೊದಲು ಸತ್ತಿತ್ತೋ ಇಲ್ಲವೋ ಎಂಬ ವಾದ ಆ ದಿನವಾದರೂ ಬೇಡ.

ಇದರ ಜೊತೆಗೇ ಬಂದ ಪ್ರಶ್ನೆ ಶೇಂದಿ ಹಾಕಿ ಹುಳಿಬರಿಸಿದ ಸಾಣ್ಣದ್ದು (ಇಡ್ಲಿಯಂಥ ಅಕ್ಕಿ ತಿಂಡಿಯದ್ದು). ಅಡುಗೆಯಲ್ಲಿ ಬೆಂದುಹೋದ ಮದ್ಯಕ್ಕೆ ವಿನಯದಲ್ಲಿ ದೋಷ ಹೇಳಿಲ್ಲ, ಬಣ್ಣ, ವಾಸನೆ, ರುಚಿ ಎದ್ದು ಕಾಣಬಾರದಷ್ಟೇ. ಈಸ್ಟ್ ಹಾಕಿಯೂ ಸಾಣ್ಣ ಉಬ್ಬುತ್ತದೆ, ಸಂಶಯವಿರುವವರು ಹಾಗೆ ಮಾಡಬಹುದು. ಶೇಂದಿಯನ್ನೇ ಕುಡಿಯುವುದು ಐದನೆಯ ಶೀಲದ ಭಂಗ, ಔಷಧಕ್ಕೆಂಬ ನೆಪ ನಡೆಯದು.

ಮುಂಡಗೋಡಿನ ಟಿಬೆಟಿಯನ್ ಪದ್ಧತಿ ಬೇರೆ ಎನ್ನುತ್ತಾರೆ. ಎರಡು ದಿನದ ಮೌನ ಉಪವಾಸ ಎಂದರೇನು? (ಯಲ್ಲಾಪುರ)

ಅಲ್ಲಿ ಗೃಹಸ್ಥರು ಹಿಡಿಯುವ ಒಂದು ದಿನದ ಮಹಾಯಾನ ಅಷ್ಟಶೀಲದಲ್ಲಿ ವ್ರತವನ್ನು ಬೆಳಕು ಹರಿಯುವ ಮೊದಲೇ ತೆಗೆದುಕೊಳ್ಳಬೇಕು. ಊಟ ಒಂದೇ, ಒಂದೇ ಕೂರಿಕೆಯಲ್ಲಿ, ಮಧ್ಯಾಹ್ನದೊಳಗೆ. ನಡುವೆ ಎದ್ದರೆ ಊಟ ಮುಗಿದಂತೆ. ಮಾಂಸ, ಮೀನು, ಮೊಟ್ಟೆಯ ಜೊತೆ ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯನ್ನೂ ಬಿಡುತ್ತಾರೆ.

ನೀವು ಕೇಳಿದ್ದು ‘ನ್ಯುಂಗ್ನೆ’. ಸಾವಿರ ಕೈಗಳ ಅವಲೋಕಿತೇಶ್ವರನ ಸಾಧನೆ ಅದು, ಭಿಕ್ಷುಣಿ ಲಕ್ಷ್ಮಿಯಿಂದ ಬಂದದ್ದೆಂದು ಪರಂಪರೆ ಹೇಳುತ್ತದೆ. ಮೊದಲ ದಿನ ಮೇಲಿನಂತೆ ಒಂದು ಊಟ, ಆಮೇಲೆ ಪಾನೀಯ. ಎರಡನೆಯ ದಿನ ಅನ್ನವಿಲ್ಲ, ನೀರಿಲ್ಲ, ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ತೆಳು ಆಹಾರದಿಂದ ಬಿಡುತ್ತಾರೆ. ಸಾಲು ಸಾಲಾಗಿ ಸಾಷ್ಟಾಂಗ ನಮಸ್ಕಾರಗಳೂ ಇರುತ್ತವೆ. ಟಿಬೆಟಿಯನ್ ನಾಲ್ಕನೆಯ ತಿಂಗಳು ಸಾಗಾ ದಾವಾದಲ್ಲಿ, ಸಾಮಾನ್ಯವಾಗಿ ಮೇ–ಜೂನ್ ಹೊತ್ತಿಗೆ, ಇದನ್ನು ಹೆಚ್ಚಾಗಿ ಮಾಡುತ್ತಾರೆ. ಮುಂಗಾರಿಗೆ ಮುಂಚಿನ ಆ ಸೆಕೆಯಲ್ಲಿ ನೀರೂ ಇಲ್ಲದ ದಿನ ಕಠಿಣವೇ. ಅಭ್ಯಾಸವಿಲ್ಲದವರು ಮನೆಯಲ್ಲಿ ಒಬ್ಬರೇ ಹಿಡಿಯಬೇಡಿ, ಬಲ್ಲವರ ಜೊತೆ ಗುಂಪಿನಲ್ಲಿ ಮಾಡಿ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಇದಕ್ಕೆ ಕೈ ಹಾಕಲೇಬಾರದು.

ಸಕ್ಕರೆ ಕಾಯಿಲೆ ಇದೆ, ರಾತ್ರಿ ಮಾತ್ರೆ ಊಟದ ಜೊತೆಗೆ. ಉಪೋಸಥ ಮಾಡಬಹುದೇ? (ಭಟ್ಕಳ)

ವೈದ್ಯರನ್ನು ಕೇಳದೆ ಬೇಡ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥವು ಊಟವಿರಲಿ ಬಿಡಲಿ ಸಕ್ಕರೆ ಇಳಿಸುತ್ತಲೇ ಇರುತ್ತವೆ. ರಾತ್ರಿ ಊಟ ಬಿಟ್ಟು ಮಾತ್ರೆ ನುಂಗಿದರೆ ನಿದ್ದೆಯಲ್ಲೇ ಸಕ್ಕರೆ ಕುಸಿಯಬಹುದು. ಮಾತ್ರೆಯನ್ನು ನೀವಾಗಿಯೇ ಬಿಡುವುದೂ ತಪ್ಪು. ಬೆವರು, ಕೈ ನಡುಕ, ಎದೆ ಡವಡವ, ಮಂಕು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಆಮೇಲೆ ಅನ್ನ ಬೇಕಾದರೆ ಅನ್ನ ಉಣ್ಣಿ. ಸಕ್ಕರೆ ನೀರಂತೂ ಶೀಲಕ್ಕೆ ಅಡ್ಡಿಯೇ ಅಲ್ಲ, ಅನ್ನ ಉಂಡರೂ ಜೀವ ಉಳಿಸಿಕೊಂಡದ್ದಕ್ಕೆ ಯಾರೂ ದೋಷ ಹೇಳುವುದಿಲ್ಲ.

ವೈದ್ಯರು ಬೇಡವೆಂದರೆ ಆ ದಿನ ಪಂಚಶೀಲವನ್ನು ಬಿಗಿಯಾಗಿ ಹಿಡಿದು, ರಾತ್ರಿ ಮಿತವಾಗಿ ಉಂಡು, ಸಂಜೆಯನ್ನು ಧ್ಯಾನಕ್ಕೆ, ಓದಿಗೆ ಕೊಡಿ. ಬಾಣಂತಿಯರಿಗೂ, ಬೆಳೆಯುವ ಮಕ್ಕಳಿಗೂ, ಹುಣ್ಣಿನ ಹೊಟ್ಟೆಯವರಿಗೂ ಇದೇ ಉತ್ತರ.

ಸಂಜೆ ಐದಕ್ಕೆ ತಲೆನೋವು, ರಾತ್ರಿ ಹೊಟ್ಟೆ ಉರಿ, ನಿದ್ದೆ ಇಲ್ಲ. ಎಲ್ಲಿ ತಪ್ಪುತ್ತಿದ್ದೇವೆ? (ಶಿರಸಿ, ದಾಂಡೇಲಿ)

ಸಂಜೆಯ ತಲೆನೋವಿಗೆ ಸಾಮಾನ್ಯ ಕಾರಣ ನಾಲ್ಕು ಗಂಟೆಯ ಚಹಾ ತಪ್ಪಿದ್ದು. ಮೂರು ದಿನ ಮೊದಲಿಂದ ಅದನ್ನು ಅರ್ಧ ಲೋಟಕ್ಕೆ ಇಳಿಸಿ, ಇಲ್ಲವೇ ಹಾಲಿಲ್ಲದ ಚಹಾ ಕುಡಿಯಿರಿ. ಎರಡನೆಯ ಕಾರಣ ನೀರು ಸಾಲದಿರುವುದು. ಊಟ ಬಿಟ್ಟಾಗ ನೀರನ್ನೂ ಮರೆಯುತ್ತೇವೆ, ಕರಾವಳಿಯ ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಗಂಟೆಗೊಂದು ಲೋಟ, ಅದರಲ್ಲಿ ಎರಡಕ್ಕೆ ಚಿಟಿಕೆ ಉಪ್ಪು. ಹೊಟ್ಟೆ ಉರಿ ಬರುವುದು ಖಾಲಿ ಹೊಟ್ಟೆಗೆ ಲಿಂಬೆ, ಮುರುಗಲು ಹೆಚ್ಚು ಸುರಿದಾಗ. ಅಂಥವರಿಗೆ ಹುಳಿ ಬೇಡ, ಬೆಲ್ಲದ ನೀರೇ ಸರಿ.

ದೊಡ್ಡ ತಪ್ಪು ಮಾತ್ರ ಹನ್ನೆರಡರ ಊಟದಲ್ಲಿದೆ. ರಾತ್ರಿಯದನ್ನೂ ಸೇರಿಸಿ ಉಂಡರೆ ಮಧ್ಯಾಹ್ನವೆಲ್ಲ ತೂಕಡಿಕೆ, ಸಂಜೆ ಸಕ್ಕರೆ ಇಳಿದು ಮತ್ತೆ ಹಸಿವು. ಕೋಸಲದ ಪಸೇನದಿ ರಾಜ ದ್ರೋಣವೆಂಬ ದೊಡ್ಡ ಅಳತೆಯಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಬುದ್ಧನೆದುರು ಕೂತಾಗ, ಮಿತವಾಗಿ ಉಣ್ಣುವವನ ನೋವು ತಗ್ಗುತ್ತದೆ ಎಂಬ ಗಾಥೆ ಕೇಳಿ, ಅದನ್ನು ದಿನಾ ಊಟಕ್ಕೆ ಮುಂಚೆ ಹೇಳಿಸಿಕೊಂಡು ಮೆಲ್ಲಮೆಲ್ಲನೆ ನಾಳಿ ಎಂಬ ಚಿಕ್ಕ ಅಳತೆಗೆ ಇಳಿಸಿದ. ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತನ ಗಾಥೆಯಲ್ಲಿ ಅಳತೆಯೇ ಇದೆ: ಹೊಟ್ಟೆ ತುಂಬಲು ನಾಲ್ಕೈದು ತುತ್ತು ಇರುವಾಗ ನಿಲ್ಲಿಸಿ ನೀರು ಕುಡಿ. ನಮ್ಮ ಅಡುಗೆಗೆ ಹೊಂದಿಸಿ ಹೇಳುವುದಾದರೆ ಕುಚ್ಚಲಕ್ಕಿ ಅನ್ನ ದಿನದಷ್ಟೇ, ತೊವ್ವೆ ಅಥವಾ ಮೊಳಕೆ ಕಾಳು ದಿನದ ಒಂದೂವರೆ ಪಾಲು, ಒಂದು ಚಮಚ ತುಪ್ಪ, ಕೊನೆಗೆ ಮಜ್ಜಿಗೆ. ಕಾಳು, ತುಪ್ಪ ನಿಧಾನ ಜೀರ್ಣವಾಗಿ ರಾತ್ರಿಯವರೆಗೆ ಎಳೆಯುತ್ತವೆ. ಉಪ್ಪಿನಕಾಯಿ, ಹಪ್ಪಳ, ಕರಿದದ್ದು ಬಾಯಾರಿಕೆ ಹೆಚ್ಚಿಸುತ್ತವೆ.

ಹಸಿವು ಸಾಮಾನ್ಯವಾಗಿ ಏಳು ಎಂಟರ ಹೊತ್ತಿಗೆ ಕಾಡಿ, ಒಂಬತ್ತಕ್ಕೆ ತಾನೇ ತಗ್ಗುತ್ತದೆ. ಅದು ಊಟದ ಹೊತ್ತಿನ ಅಭ್ಯಾಸದ ಹಸಿವು. ಆ ಒಂದೆರಡು ಗಂಟೆಗೆ ಮೊದಲೇ ಕೆಲಸ ಗೊತ್ತುಮಾಡಿಕೊಳ್ಳಿ: ಅರ್ಧ ಗಂಟೆ ಕೂತು ಧ್ಯಾನ, ಅರ್ಧ ಗಂಟೆ ಅಂಗಳದಲ್ಲಿ ನಡೆದಾಡುತ್ತ ಧ್ಯಾನ, ಆಮೇಲೆ ಓದು. ಊಟ ಬಿಡಿಸಿದ್ದೇ ಈ ಸಂಜೆಯನ್ನು ಬಿಡುವು ಮಾಡಿಕೊಡಲು. ಉಪಾಸಿಕೆ ವಿಶಾಖೆಗೆ ಉಪೋಸಥ ವಿವರಿಸುವಾಗ ಬುದ್ಧ ‘ಗೋಪಾಲಕ ಉಪೋಸಥ’ ಎಂದೊಂದನ್ನು ಹೇಳುತ್ತಾನೆ. ದನ ಒಡೆಯನಿಗೆ ಒಪ್ಪಿಸಿದ ದನಗಾಹಿ, ಇವತ್ತು ಎಲ್ಲಿ ಮೇಯಿತು, ನಾಳೆ ಎಲ್ಲಿ ಮೇಯುತ್ತದೆ ಎಂದು ಎಣಿಸುತ್ತಾನೆ. ಹಾಗೆಯೇ ಇವತ್ತು ಏನು ತಿಂದೆ, ನಾಳೆ ಏನು ತಿನ್ನಲಿ ಎಂದು ಎಣಿಸುತ್ತ ದಿನ ಕಳೆಯುವುದು. ಅಂಥ ಉಪೋಸಥಕ್ಕೆ ದೊಡ್ಡ ಫಲವಿಲ್ಲ ಎಂದು ಸುತ್ತವೇ ಹೇಳುತ್ತದೆ.

ರಾತ್ರಿ ಯಕ್ಷಗಾನಕ್ಕೆ ಹೋಗಿ ಬಜ್ಜಿ ತಿಂದುಬಿಟ್ಟೆ. ಇನ್ನು ಏನು ಮಾಡಬೇಕು? (ಹೊನ್ನಾವರ)

ಆರನೆಯದು, ಏಳನೆಯದು ಎರಡೂ ಹೋದವು. ಗೃಹಸ್ಥರಿಗೆ ಇದಕ್ಕೆ ದಂಡವೂ ಇಲ್ಲ, ಪ್ರಾಯಶ್ಚಿತ್ತದ ಪೂಜೆಯೂ ಇಲ್ಲ. ಮುರಿಯಿತೆಂದು ತಿಳಿದ ಕೂಡಲೇ ತಿನ್ನುವುದನ್ನು ನಿಲ್ಲಿಸಿ, ಎಂಟನ್ನೂ ಮತ್ತೆ ಹೇಳಿಕೊಂಡು ಬೆಳಗಿನವರೆಗೆ ನಡೆಸಿ. ‘ಹೇಗೂ ಮುರಿಯಿತು’ ಎಂದು ಮನೆಗೆ ಬಂದು ಊಟಕ್ಕೂ ಕೂರುವುದೇ ಹೆಚ್ಚಿನ ನಷ್ಟ. ಆಟದ ಋತುವಿನಲ್ಲಿ ಪ್ರಸಂಗದ ದಿನಕ್ಕೂ ಹುಣ್ಣಿಮೆಗೂ ತಾಳೆಯಾಗಿಬಿಟ್ಟರೆ ಮೊದಲೇ ಒಂದನ್ನು ಆರಿಸಿಕೊಳ್ಳಿ. ಆಟಕ್ಕೇ ಹೋಗುವುದಾದರೆ ಆ ದಿನ ಪಂಚಶೀಲ ಸಾಕು, ಮುಂದಿನ ಅಷ್ಟಮಿಗೆ ಎಂಟನ್ನೂ ಹಿಡಿಯಿರಿ.